ಶೇರೋ, ಬುಟ್ಟಿಯೋ, ಬಯಾನವೋ? ಚಿಪ್ ಯಂತ್ರದ ಕಂಪನಿಗಳ ಮೇಲೆ ನನ್ನ ಆರು ತಿಂಗಳು

ಅಡಿಕೆ ದರ ಏರಿದ ವರ್ಷ ನಮ್ಮ ತೀರ್ಥಹಳ್ಳಿ ಕಡೆ ಸುಲಿಯುವ ಯಂತ್ರ ಮಾರುವವರಿಗೆ ಪುರುಸೊತ್ತೇ ಇರುವುದಿಲ್ಲ. ದರ ಬಿದ್ದ ವರ್ಷ ನಾವು ಹಳೇ ಯಂತ್ರಕ್ಕೇ ಬೆಲ್ಟ್ ಬದಲಿಸಿ ಸುಮ್ಮನಾಗುತ್ತೇವೆ. ಎಎಸ್‌ಎಂಎಲ್, ಅಪ್ಲೈಡ್ ಮಟೀರಿಯಲ್ಸ್, ಲ್ಯಾಮ್ ರಿಸರ್ಚ್, ಕೆಎಲ್‌ಎ ಇವುಗಳ ಕಥೆಯೂ ಇದೇ. ಇವು ಚಿಪ್ ಮಾಡುವುದಿಲ್ಲ. ಟಿಎಸ್‌ಎಂಸಿ, ಸ್ಯಾಮ್‌ಸಂಗ್, ಇಂಟೆಲ್‌ನಂಥವರಿಗೆ ಚಿಪ್ ಮಾಡುವ ಯಂತ್ರ ಮಾರುತ್ತವೆ. ಹಾಗಾಗಿ ಲಾಭಕ್ಕಿಂತ ಹೊಸ ಆರ್ಡರ್ ಎಷ್ಟು ಬಂತು ಅನ್ನುವುದನ್ನೇ ಮಾರ್ಕೆಟ್ ಜಾಸ್ತಿ ನೋಡುತ್ತದೆ.

2024ರ ಜುಲೈಯಿಂದ ಡಿಸೆಂಬರ್‌ವರೆಗೆ ಇವುಗಳ ಮೇಲೆ ಮೂರು ದಾರಿ ನೋಡಿದೆ. ಒಂದು, ಎಎಸ್‌ಎಂಎಲ್‌ನ ಒಂದೂವರೆ ಶೇರು. ಎರಡು, ಎಸ್‌ಎಂಎಚ್ ಅನ್ನುವ ಅಮೆರಿಕದ ಇಟಿಎಫ್, ಅಂದರೆ ಚಿಪ್ ಕಂಪನಿಗಳ ಬುಟ್ಟಿ. ಮೂರು, ಆಪ್ಷನ್. ಇದು ಮಾತ್ರ ಅಭ್ಯಾಸದ ಖಾತೆಯಲ್ಲಿ, ಸುಳ್ಳು ದುಡ್ಡಿನಲ್ಲಿ. ನನ್ನ ಆಪ್‌ನಲ್ಲಿ ಆಪ್ಷನ್ ಇಲ್ಲ, ಮತ್ತೆ ಎಲ್‌ಆರ್‌ಎಸ್, ಅಂದರೆ ಹೊರದೇಶಕ್ಕೆ ದುಡ್ಡು ಕಳಿಸುವ ರಿಸರ್ವ್ ಬ್ಯಾಂಕ್ ಯೋಜನೆಯ ಅಡಿಯಲ್ಲಿ, ಹೊರದೇಶದ ಮಾರ್ಜಿನ್ ವ್ಯವಹಾರಕ್ಕೆ (ಸ್ವಲ್ಪ ಠೇವಣಿ ಇಟ್ಟು ದೊಡ್ಡ ವ್ಯವಹಾರ ಮಾಡುವುದಕ್ಕೆ) ದುಡ್ಡು ಕಳಿಸುವಂತಿಲ್ಲ. ದುಡ್ಡು ಸುಳ್ಳಾದರೂ ಲೆಕ್ಕವನ್ನು ಮಂಡಿ ಪುಸ್ತಕದ ಹಿಂದಿನ ಪುಟದಲ್ಲಿ ಸರಿಯಾಗೇ ಬರೆದಿಟ್ಟೆ.

ಆಪ್ಷನ್ ಅಂದರೆ ಎಂಥದು ಅಂತ ಅಪ್ಪಯ್ಯ ಕೇಳಿದರು. ಬಯಾನ ಕೊಟ್ಟ ಹಾಗೆ ಅಂದೆ. ಇಂಥ ತಾರೀಖಿನೊಳಗೆ ಇಂಥ ದರಕ್ಕೆ ಕೊಳ್ಳುವ ಹಕ್ಕು ನನ್ನದು, ಅದು ಕಾಲ್. ಮಾರುವ ಹಕ್ಕಾದರೆ ಪುಟ್. ತಾರೀಖು ದಾಟಿದರೆ ಬಯಾನ ಹೋಯಿತು. ಅಮೆರಿಕದಲ್ಲಿ ಒಂದು ಒಪ್ಪಂದಕ್ಕೆ 100 ಶೇರು. ಆಗ ಎಎಸ್‌ಎಂಎಲ್ ಶೇರು 1,000 ಡಾಲರ್ ದಾಟಿತ್ತು. ಒಂದು ತಿಂಗಳ ಬಯಾನವೇ ಸಾವಿರಾರು ಡಾಲರ್.

ಮೊದಲ ಆಟ ಜುಲೈ 17. ಆವತ್ತು ಎಎಸ್‌ಎಂಎಲ್ ಫಲಿತಾಂಶ. ಆರ್ಡರ್ ಚೆನ್ನಾಗಿ ಬರುತ್ತದೆ ಅಂತ ಲೆಕ್ಕ ಹಾಕಿ ಹಿಂದಿನ ರಾತ್ರಿಯೇ ಕಾಲ್ ಕೊಂಡಿದ್ದೆ. ಆರ್ಡರ್ ನಿಜಕ್ಕೂ ಚೆನ್ನಾಗಿ ಬಂತು, ಎಲ್ಲರ ಅಂದಾಜಿಗಿಂತ ಜಾಸ್ತಿ. ಆದರೆ ಅದೇ ದಿನ, ಚೀನಾಕ್ಕೆ ಯಂತ್ರ ಮಾರುವುದಕ್ಕೆ ಅಮೆರಿಕ ಇನ್ನೂ ಬಿಗಿ ನಿಯಮ ತರಬಹುದು ಅನ್ನುವ ವರದಿಯೂ ಬಂತು. ಶೇರು ಶೇ. 10ಕ್ಕಿಂತ ಜಾಸ್ತಿ ಬಿತ್ತು. ಇಲ್ಲಿ ಮಳೆಗೆ ಕರೆಂಟ್ ಇಲ್ಲ, ನೆಟ್ ಇಲ್ಲ. ಬೆಳಗ್ಗೆ ನೋಡಿದರೆ ಬಯಾನದಲ್ಲಿ ಚಿಲ್ಲರೆ ಉಳಿದಿತ್ತು. ನನ್ನ ಒಂದೂವರೆ ಶೇರೂ ಬಿದ್ದಿತ್ತು, ಆದರೆ ಒಂದೂವರೆಯಾಗಿಯೇ ಇತ್ತು. ಅದಕ್ಕೆ ತಾರೀಖಿನ ಕಾಟ ಇಲ್ಲ ನೋಡಿ.

ಎರಡನೆಯದು ಇನ್ನೂ ತಮಾಷೆ. ಅಕ್ಟೋಬರ್ ಶುರುವಿನಲ್ಲಿ ಲ್ಯಾಮ್ ತನ್ನ ಒಂದು ಶೇರನ್ನು ಹತ್ತು ಮಾಡಿತು. ಶೇರು ಅಗ್ಗ, ಹಾಗಾಗಿ ಆಪ್ಷನ್ನೂ ಕೈಗೆಟುಕುವ ಹಾಗಾಯಿತು. ಫಲಿತಾಂಶದ ಮುಂಚೆ ಆಗಿನ ದರಕ್ಕಿಂತ ಸಾಕಷ್ಟು ಮೇಲಿನ ದರದ ಕಾಲ್ ಕೊಂಡೆ. ಶೇರು ಏರಿತು. ನನ್ನ ಕಾಲ್ ಇಳಿಯಿತು! ಫಲಿತಾಂಶದ ಮುಂಚೆ ಏನಾಗುತ್ತದೋ ಅನ್ನುವ ಆತಂಕಕ್ಕೂ ಬೆಲೆ ಸೇರಿರುತ್ತದೆ. ಸುದ್ದಿ ಹೊರಗೆ ಬಿದ್ದ ಕ್ಷಣ ಆ ಬೆಲೆ ಇಳಿದು ಹೋಗುತ್ತದೆ. ಶೇರು ಏರಿದರೆ ಸಾಲದು, ಎಲ್ಲರೂ ಎಣಿಸಿದ್ದಕ್ಕಿಂತ ಜಾಸ್ತಿ ಏರಬೇಕು.

ಮೂರನೆಯದು ಡಿಸೆಂಬರ್ 2. ಹೆಚ್ಚಿನವು ಚೀನಾದವೇ ಆದ 140 ಸಂಸ್ಥೆಗಳ ಮೇಲೆ ಅಮೆರಿಕ ನಿರ್ಬಂಧ ಹಾಕಿತು. ಇದು ಬರುತ್ತದೆ ಅಂತ ಮೊದಲೇ ಗಾಳಿ ಸುದ್ದಿ ಇತ್ತಲ್ವಾ, ಶೇರು ಬೀಳುತ್ತದೆ ಅಂತ ನಾನು ಪುಟ್ ಹಿಡಿದು ಕೂತಿದ್ದೆ. ಹೆದರಿದಷ್ಟು ಬಿಗಿ ಇಲ್ಲ, ಜಪಾನ್, ನೆದರ್‌ಲೆಂಡ್ಸ್‌ಗಳಿಗೆ ವಿನಾಯ್ತಿ ಬೇರೆ ಇದೆ ಅಂತ ಶೇರುಗಳು ಮೇಲೆ ಹೋದವು. ಸುದ್ದಿಯನ್ನು ಸರಿಯಾಗಿ ಊಹಿಸಿದ್ದೆ, ದುಡ್ಡು ಹೋಯಿತು.

ಹಾಗಂತ ಶೇರು ಸುಖದ್ದೇನಲ್ಲ. ಅಕ್ಟೋಬರ್ 15ರಂದು ಎಎಸ್‌ಎಂಎಲ್ ಫಲಿತಾಂಶ ಒಂದು ದಿನ ಮೊದಲೇ, ತಪ್ಪಿ, ವೆಬ್‌ಸೈಟಿನಲ್ಲಿ ಬಿತ್ತು. ಹೊಸ ಆರ್ಡರ್ 260 ಕೋಟಿ ಯೂರೋ. ಮಾರ್ಕೆಟ್ ಎಣಿಸಿದ್ದರ ಅರ್ಧವೂ ಇಲ್ಲ. ಒಂದೇ ದಿನ ಶೇ. 16 ಕುಸಿತ. ಆವತ್ತು ಬುಟ್ಟಿ ಬಿದ್ದದ್ದು ಶೇ. 5ರ ಹತ್ತಿರ. ರಾತ್ರಿ ನಿದ್ದೆ ಬೇಕು ಅನ್ನುವವರಿಗೆ ಬುಟ್ಟಿಯೇ ಸರಿ.

ಆದರೆ ಬುಟ್ಟಿಯ ಮೇಲೆ ನನಗೊಂದು ತಕರಾರಿದೆ. ಅದರಲ್ಲಿ ದೊಡ್ಡ ಪಾಲು ಎನ್‌ವಿಡಿಯಾ, ಟಿಎಸ್‌ಎಂಸಿಯದು. ಯಂತ್ರದವರು ಮೂಲೆಯಲ್ಲಿದ್ದಾರೆ. ಸುಲಿಯುವ ಯಂತ್ರದ ಅಂಗಡಿಗೆ ದುಡ್ಡು ಹಾಕಿದೆ ಅಂದುಕೊಂಡು ತೋಟವನ್ನೇ ಕೊಂಡ ಹಾಗೆ. ಇಯುವಿ ಯಂತ್ರ, ಅಂದರೆ ವಿಶೇಷ ಬೆಳಕಿನಿಂದ ಚಿಪ್ ಮೇಲೆ ಅತಿ ಸಣ್ಣ ಗೆರೆ ಮೂಡಿಸುವ ಯಂತ್ರ, ಮಾಡುವವರು ಜಗತ್ತಿನಲ್ಲಿ ಎಎಸ್‌ಎಂಎಲ್ ಒಬ್ಬರೇ. ಅದನ್ನು ನಂಬಿದವರಿಗೆ ಬುಟ್ಟಿ ಸಪ್ಪೆ.

ತೆರಿಗೆಯಲ್ಲಿ ಶೇರಿಗೂ ಬುಟ್ಟಿಗೂ ವ್ಯತ್ಯಾಸ ಕಾಣಲಿಲ್ಲ. 24 ತಿಂಗಳು ದಾಟಿ ಮಾರಿದರೆ ಲಾಭಕ್ಕೆ ಶೇ. 12.5. ಅರ್ಧ ಶೇರು ಇದ್ದರೂ ರಿಟರ್ನ್‌ನಲ್ಲಿ ವಿದೇಶಿ ಆಸ್ತಿ ಅಂತ ತೋರಿಸಲೇಬೇಕು. ಅದನ್ನು ಮರೆತವರೇ ಜಾಸ್ತಿ.

ಈಗ ಶೇರು ಇಟ್ಟುಕೊಂಡಿದ್ದೇನೆ, ಬುಟ್ಟಿಗೆ ತಿಂಗಳು ತಿಂಗಳು ಸ್ವಲ್ಪ ಹಾಕುತ್ತೇನೆ, ಆಪ್ಷನ್ ಪುಟ ಮುಚ್ಚಿದ್ದೇನೆ. ಆ ಪುಟವನ್ನು ಅಪ್ಪಯ್ಯನಿಗೆ ತೋರಿಸಿದೆ. ಮೂರು ಸಲವೂ ನಷ್ಟ. ಕನ್ನಡಕ ಏರಿಸಿ ನೋಡಿ, "ಬಯಾನ ಕೊಟ್ಟವನು ಸೋತ ಅಂದ್ರೆ ಇಸ್ಕೊಂಡವನು ಗೆದ್ದ ಅಲ್ವಾ? ನೀನು ಆ ಕಡೆ ಕೂರು ಮಾರಾಯ" ಅಂದರು. ಆ ಕಡೆ ಧೈರ್ಯವಾಗಿ ಕೂರಬೇಕಾದರೆ, ಕೇಳಿದಾಗ ಕೊಡುವುದಕ್ಕೆ ಕೈಯಲ್ಲಿ 100 ಶೇರು ಇರಬೇಕು ಅಂದೆ. ಎಷ್ಟಿದೆ ಅಂತ ಕೇಳಿದರು. ಒಂದೂವರೆ.

ಪುಸ್ತಕ ನನ್ನ ಕೈಗೆ ಕೊಟ್ಟು ತೋಟದ ಕಡೆ ಹೋದರು.