ನಿಧಾನ ಹೋಗುವಾಗ ಯಾವುದು ಚೆನ್ನ: ಹೈಬ್ರಿಡ್ಡಾ, ಮಾಮೂಲಿ ಆಟೋಮ್ಯಾಟಿಕ್ಕಾ?

ಒಂದು ವರ್ಷದಿಂದ ಅಪ್ಪನಿಗೆ ಎಡ ಮೊಣಕಾಲು ನೋವು. ಜಾಮ್‌ನಲ್ಲಿ ಅರ್ಧ ಗಂಟೆ ಕ್ಲಚ್ ಒತ್ತಿದರೆ ಆಮೇಲೆ ಮೆಟ್ಟಿಲು ಹತ್ತುವುದೇ ಕಷ್ಟ. ಹಾಗಂತ ಕಾರು ಓಡಿಸುವುದನ್ನು ಬಿಡಲು ಅವರು ತಯಾರಿಲ್ಲ. ಬಿಡಿಸಲು ನನಗೂ ಮನಸ್ಸಿಲ್ಲ. ಕ್ಲಚ್ ಇಲ್ಲದ ಕಾರು ಹುಡುಕಲು ಹೊರಟಿದ್ದು ಹೀಗೆ.

ಅಪ್ಪನ ಓಡಾಟವೆಲ್ಲ ನಿಧಾನದ್ದು. ಬೇಸ್‌ಮೆಂಟಿನಿಂದ ಕಾರು ಹೊರಗೆ ತೆಗೆಯಬೇಕು, ಸಿಗ್ನಲ್ ಹತ್ತಿರ ಅಡಿ ಅಡಿಯಾಗಿ ಮುಂದೆ ಹೋಗಬೇಕು, ರಿವರ್ಸ್ ಹಾಕಿ ಕಂಬದ ಪಕ್ಕ ನಿಲ್ಲಿಸಬೇಕು. ಕಾರು ನೂರರ ವೇಗದಲ್ಲಿ ಹೇಗಿರುತ್ತದೆ ಅಂತ ಹೇಳುವವರು ಬೇಕಾದಷ್ಟು ಜನ ಸಿಕ್ಕಿದರು. ಗಂಟೆಗೆ 10 ಕಿಲೋಮೀಟರ್‌ನೊಳಗೆ ಹೇಗೆ ನಡೆದುಕೊಳ್ಳುತ್ತದೆ ಅಂತ ಯಾರೂ ಸರಿಯಾಗಿ ಹೇಳಲಿಲ್ಲ. ಅದಕ್ಕೇ ನಾನೇ ಮೂರು ಕಾರುಗಳನ್ನು ಹತ್ತತ್ತು ದಿನ ಓಡಿಸಿ ನೋಡಿದೆ. ಒಂದು, ಟಾರ್ಕ್ ಕನ್ವರ್ಟರ್ (ಎಂಜಿನ್ ಬಲವನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ಮುಟ್ಟಿಸುವ ಭಾಗ) ಇರುವ 6 ಗೇರಿನ ಪೆಟ್ರೋಲ್ ಆಟೋಮ್ಯಾಟಿಕ್. ಇನ್ನೊಂದು ಎಎಂಟಿ, ಅಂದರೆ ಕ್ಲಚ್ಚನ್ನು ಯಂತ್ರವೇ ಒತ್ತುವ ಕಾರು. ಮೂರನೆಯದು ಪೆಟ್ರೋಲ್ ಎಂಜಿನ್ ಜೊತೆ ಎರಡು ಎಲೆಕ್ಟ್ರಿಕ್ ಮೋಟಾರ್ ಇರುವ ಪೂರ್ತಿ ಹೈಬ್ರಿಡ್, ಸ್ಟ್ರಾಂಗ್ ಹೈಬ್ರಿಡ್ ಅಂತಾರಲ್ಲ, ಅದು. ಮೂರಕ್ಕೂ ಅದೇ ಬೇಸ್‌ಮೆಂಟ್, ಅದೇ ರ‍್ಯಾಂಪ್, ಅದೇ ಜಾಮ್.

ಮೊದಲು ಸಮತಟ್ಟಾದ ಜಾಗದಲ್ಲಿ ‘ಡಿ’ಗೆ, ಅಂದರೆ ಮುಂದೆ ಹೋಗುವ ಗೇರಿಗೆ, ಹಾಕಿ ಬ್ರೇಕಿನಿಂದ ಕಾಲು ತೆಗೆದೆ. ಆಕ್ಸಿಲರೇಟರ್ ಮುಟ್ಟಲಿಲ್ಲ. ಟಾರ್ಕ್ ಕನ್ವರ್ಟರ್ ಕಾರು ತಾನಾಗೇ ತೆವಳಿ ಗಂಟೆಗೆ 7 ಕಿಲೋಮೀಟರ್‌ಗೆ ಬಂದು ಹಾಗೇ ಹೋಗುತ್ತಿತ್ತು. ಇದು ಮಧ್ಯಾಹ್ನದ ಮಾತು. ಅದೇ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ‘ಡಿ’ಗೆ ಹಾಕಿದರೆ 11ರವರೆಗೂ ಹೋಯಿತು. ಎಂಜಿನ್ ತಣ್ಣಗಿದ್ದಾಗ ಐಡಲ್, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ತಿರುಗುವ ವೇಗ, ಜಾಸ್ತಿ ಇರುತ್ತದೆ, ಆ ಹೆಚ್ಚಿನ ಸುತ್ತು ನೇರವಾಗಿ ಚಕ್ರಕ್ಕೆ ತಲುಪುತ್ತದೆ. ಬೇಸ್‌ಮೆಂಟಿನಲ್ಲಿ ಎರಡು ಕಂಬಗಳ ನಡುವೆ 7ಕ್ಕೂ 11ಕ್ಕೂ ಬಹಳ ವ್ಯತ್ಯಾಸ. ಮಧ್ಯಾಹ್ನ ಬ್ರೇಕಿನ ಮೇಲೆ ಕಾಲು ಸುಮ್ನೆ ಇಟ್ಟರೆ ಸಾಕಾಗಿತ್ತು. ಬೆಳಗ್ಗೆ ಒತ್ತಿಯೇ ಹಿಡಿಯಬೇಕಾಯಿತು.

ಟಾರ್ಕ್ ಕನ್ವರ್ಟರ್ ಒಳಗೆ ಎಣ್ಣೆ ಇರುತ್ತದೆ. ಎದುರುಬದುರು ಎರಡು ಫ್ಯಾನ್ ಇಟ್ಟ ಹಾಗೆ ಅಂದುಕೊಳ್ಳಿ. ಎಂಜಿನ್ ಕಡೆಯ ಫ್ಯಾನ್ ತಿರುಗಿದರೆ ಎಣ್ಣೆ ನುಗ್ಗಿ ಗೇರ್‌ಬಾಕ್ಸ್ ಕಡೆಯದನ್ನೂ ತಳ್ಳುತ್ತದೆ. ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಈ ತಳ್ಳಾಟ ಇದ್ದೇ ಇರುತ್ತದೆ. ಹರ್ಮನ್ ಫೋಟಿಂಗರ್ ಎಂಬ ಜರ್ಮನ್ ಎಂಜಿನಿಯರ್ 1905ರಲ್ಲಿ ಇದಕ್ಕೆ ಪೇಟೆಂಟ್ ಪಡೆದಿದ್ದು ಹಡಗುಗಳಿಗಾಗಿ. ಟರ್ಬೈನಿನ ಬಲವನ್ನು ಪ್ರೊಪೆಲರ್‌ಗೆ ಮುಟ್ಟಿಸುವುದು ಅವನ ಉದ್ದೇಶವಾಗಿತ್ತು. ಕಾರು ತೆವಳಲಿ ಅಂತ ಯಾರೂ ಇದನ್ನು ಮಾಡಿದ್ದಲ್ಲ. ಅದು ಎಣ್ಣೆಯ ಗುಣದಿಂದ ತಾನಾಗಿ ಬಂದಿದ್ದು.

ಹೈಬ್ರಿಡ್‌ನಲ್ಲಿ ಹಾಗಲ್ಲ. 1997ರಲ್ಲಿ ಜಪಾನಿನಲ್ಲಿ ಬಂದ ಟೊಯೋಟಾ ಪ್ರಿಯಸ್‌ನಲ್ಲಿ ಟಾರ್ಕ್ ಕನ್ವರ್ಟರ್ ಇರಲಿಲ್ಲ, ಒಂದೊಂದಾಗಿ ಬದಲಾಗುವ ಗೇರುಗಳೂ ಇರಲಿಲ್ಲ. ಎಂಜಿನ್ ಮತ್ತು ಎರಡು ಮೋಟಾರ್‌ಗಳನ್ನು ಒಂದು ಪ್ಲಾನೆಟರಿ ಗೇರ್ (ನಡುವಿನ ಗೇರಿನ ಸುತ್ತ ಸಣ್ಣ ಗೇರುಗಳು ತಿರುಗುವ ಜೋಡಣೆ) ಸೇರಿಸುತ್ತಿತ್ತು. ಈ ಜಾತಿಯ ಹೈಬ್ರಿಡ್‌ಗಳು ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಇವೆ. ಹೋಂಡಾದ ಎರಡು ಮೋಟಾರ್ ಪದ್ಧತಿ ಬೇರೆ ಥರದ್ದು. ಆದರೆ ಅಲ್ಲೂ ನಿಧಾನ ಹೋಗುವಾಗ ಚಕ್ರ ತಿರುಗಿಸುವುದು ಮೋಟಾರೇ. ಕಾರು ನಿಂತಾಗ ಎಂಜಿನ್ ಬಹುಪಾಲು ಆಫ್ ಆಗಿರುತ್ತದೆ. ಹಾಗಾದರೆ ಬ್ರೇಕ್ ಬಿಟ್ಟ ತಕ್ಷಣ ಕಾರು ಮುಂದೆ ಹೋಗುವುದು ಹೇಗೆ? ಕಂಪ್ಯೂಟರ್ ಮೋಟಾರ್‌ಗೆ ಸ್ವಲ್ಪ ಕರೆಂಟ್ ಕೊಡುತ್ತದೆ, ಅಷ್ಟೇ. ಹಳೇ ಆಟೋಮ್ಯಾಟಿಕ್ ಓಡಿಸಿದವರಿಗೆ ಹೊಸದು ಅನ್ನಿಸದಿರಲಿ ಅಂತ ಬೇಕಂತಲೇ ಸೇರಿಸಿದ ತೆವಳಾಟ ಇದು. ಅದಕ್ಕೇ ಹೈಬ್ರಿಡ್ ಬೆಳಗ್ಗೆಯೂ 7, ಮಧ್ಯಾಹ್ನವೂ 7. ಎಂಜಿನ್ ಬಿಸಿಯಾಗಲೆಂದು ತಾನಾಗೇ ಸ್ಟಾರ್ಟ್ ಆಗಿ ಸದ್ದು ಮಾಡುತ್ತಿದ್ದರೂ ವೇಗ ಬದಲಾಗಲಿಲ್ಲ. ಇದು ನನಗೆ ತುಂಬಾ ಇಷ್ಟವಾಯಿತು. ಅಪ್ಪನ ಕಾಲಿಗೆ ಬೇಕಾಗಿದ್ದೂ ಇದೇ, ದಿನವೂ ಒಂದೇ ಥರ ಇರುವ ಕಾರು.

ಎಎಂಟಿಯ ಕಥೆ ಬೇರೆ. ಅದು ಮ್ಯಾನುಯಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ ಕೆಲಸವನ್ನು ನಮ್ಮ ಕಾಲಿನ ಬದಲು ಒಂದು ಯಂತ್ರ ಮಾಡುತ್ತದೆ. ತೆವಳಬೇಕೆಂದರೆ ಅದು ಕ್ಲಚ್ಚನ್ನು ಅರ್ಧ ಹಿಡಿದು ಅರ್ಧ ಬಿಟ್ಟು ಉಜ್ಜಬೇಕು. ನಾನು ಓಡಿಸಿದ ಕಾರು ಬ್ರೇಕ್ ಬಿಟ್ಟ ಮೇಲೆ ಒಂದು ಕ್ಷಣ ಯೋಚಿಸಿ, ಆಮೇಲೆ ಸಣ್ಣ ಜರ್ಕ್ ಕೊಟ್ಟು ಹೊರಡುತ್ತಿತ್ತು. ಆ ಒಂದು ಕ್ಷಣದಲ್ಲಿ ಕಾಲು ತಾನಾಗೇ ಆಕ್ಸಿಲರೇಟರ್ ಕಡೆ ಹೋಗುತ್ತದೆ. ಕಂಬದ ಹತ್ತಿರ ಅದು ಒಳ್ಳೆಯದಲ್ಲ. ಎರಡು ಕ್ಲಚ್ಚಿನ ಡಿಸಿಟಿ ಕಾರನ್ನು ಒಂದು ಮಧ್ಯಾಹ್ನ ಮಾತ್ರ ಓಡಿಸಿದೆ. ಎಎಂಟಿಗಿಂತ ಎಷ್ಟೋ ನಯ. ಆದರೆ ತೆವಳುವಾಗ ಅಲ್ಲೂ ಕ್ಲಚ್ ಉಜ್ಜಿಕೊಂಡೇ ಇರುತ್ತದೆ, ಉದ್ದ ಜಾಮ್‌ನಲ್ಲಿ ಬಿಸಿಯಾಗುತ್ತದೆ. ಗೇರುಗಳ ಬದಲು ಬೆಲ್ಟಿನಿಂದ ವೇಗ ಬದಲಿಸುವ ಮಾಮೂಲಿ ಸಿವಿಟಿ ಕಾರುಗಳಲ್ಲಿ ಹೆಚ್ಚಿನವಕ್ಕೆ ಟಾರ್ಕ್ ಕನ್ವರ್ಟರ್ ಇರುವುದರಿಂದ ಅವು ಮೊದಲನೇ ಕಾರಿನ ಹಾಗೇ ತೆವಳುತ್ತವೆ.

ಜಾಮ್‌ನಲ್ಲಿ ಹೈಬ್ರಿಡ್‌ಗೆ ಸಾಟಿ ಇಲ್ಲ. ಇದರಲ್ಲಿ ನನಗೆ ಅನುಮಾನವೇ ಉಳಿದಿಲ್ಲ. ಮೋಟಾರ್ ಸೊನ್ನೆ ವೇಗದಿಂದಲೇ ಪೂರ್ತಿ ಬಲ ಕೊಡುವುದರಿಂದ ಎರಡು ಅಡಿ ಹೋಗಿ ನಿಲ್ಲುವುದು, ಮತ್ತೆ ಎರಡು ಅಡಿ ಹೋಗುವುದು, ಯಾವುದೂ ತಿಣುಕಾಟ ಅನ್ನಿಸುವುದಿಲ್ಲ. ಒಂದರಿಂದ ಎರಡಕ್ಕೆ, ಎರಡರಿಂದ ಒಂದಕ್ಕೆ ಗೇರ್ ಬೀಳುವ ಕುಲುಕಾಟವೂ ಇಲ್ಲ. ಎಸಿಯ ವಿಷಯ ನಾನು ಮೊದಲು ಯೋಚಿಸಿರಲೇ ಇಲ್ಲ. ಟಾರ್ಕ್ ಕನ್ವರ್ಟರ್ ಕಾರಿನಲ್ಲಿ ಸಿಗ್ನಲ್‌ನಲ್ಲಿ ಎಂಜಿನ್ ಆಫ್ ಆಗುವ ಸೌಲಭ್ಯ ಇತ್ತು. ಎಂಜಿನ್ ನಿಂತರೆ ಬೆಲ್ಟಿನಿಂದ ತಿರುಗುವ ಎಸಿ ಕಂಪ್ರೆಸರ್ ಕೂಡ ನಿಲ್ಲುತ್ತದೆ, ಬರೀ ಗಾಳಿ ಬರುತ್ತದೆ. ಹೈಬ್ರಿಡ್‌ನ ಕಂಪ್ರೆಸರ್ ದೊಡ್ಡ ಬ್ಯಾಟರಿಯಿಂದ ಓಡುತ್ತದೆ. ಎಂಜಿನ್ ನಿಂತಿದ್ದರೂ ತಂಪು ಬರುತ್ತಲೇ ಇತ್ತು.

ಹೈಬ್ರಿಡ್ ಓಡಿಸುವವರು ಒಂದು ವಿಷಯ ನೆನಪಿಡಬೇಕು. ಜಾಮ್‌ನಲ್ಲಿ ತುಂಬಾ ಹೊತ್ತು ನಿಂತರೆ ಮ್ಯಾನುಯಲ್ ಅಭ್ಯಾಸದಂತೆ ನ್ಯೂಟ್ರಲ್‌ಗೆ ಹಾಕಬೇಡಿ. ಪ್ರಿಯಸ್ ಜಾತಿಯ ಹೈಬ್ರಿಡ್‌ಗಳಲ್ಲಿ ‘ಎನ್’ನಲ್ಲಿ ಇದ್ದಾಗ ಬ್ಯಾಟರಿ ಚಾರ್ಜ್ ಆಗುವುದಿಲ್ಲ, ಎಸಿ ಮಾತ್ರ ಅದನ್ನು ಕುಡಿಯುತ್ತಲೇ ಇರುತ್ತದೆ. ‘ಡಿ’ನಲ್ಲಿ ಬ್ರೇಕ್ ಹಿಡಿಯಿರಿ, ಇಲ್ಲವೇ ‘ಪಿ’ಗೆ, ಅಂದರೆ ಪಾರ್ಕಿಂಗ್‌ಗೆ, ಹಾಕಿ.

ರ‍್ಯಾಂಪಿನ ಮಾತು ಸ್ವಲ್ಪ ಜಾಸ್ತಿ ಹೇಳುತ್ತೇನೆ. ಅಪ್ಪನಿಗೆ ಭಯ ಇದ್ದಿದ್ದು ಅಲ್ಲೇ. ಬೇಸ್‌ಮೆಂಟಿನಿಂದ ಮೇಲೆ ಬರುವ ಕೊನೆಯಲ್ಲಿ ನೀರು ಹರಿಯುವ ಕಬ್ಬಿಣದ ಜಾಲರಿ ಇದೆ, ಅದರ ಅಂಚು ಮೂರು ಬೆರಳು ಎತ್ತರ. ಮುಂದಿನ ಚಕ್ರವನ್ನು ಆ ಅಂಚಿಗೆ ತಾಗಿಸಿ ನಿಲ್ಲಿಸಿ, ಅಲ್ಲಿಂದ ಹೊರಟು ನೋಡಿದೆ. ಎಎಂಟಿ ಬ್ರೇಕ್ ಬಿಟ್ಟ ಮೇಲೆ ಒಂದು ಗೇಣಿನಷ್ಟು ಹಿಂದೆ ಜಾರಿತು, ಆಮೇಲೆ ಹಿಡಿಯಿತು. ಹಿಂದೆ ಇನ್ನೊಂದು ಕಾರು ಇದ್ದಿದ್ದರೆ ಎದೆ ಢವಢವ ಅನ್ನುತ್ತಿತ್ತು. ಟಾರ್ಕ್ ಕನ್ವರ್ಟರ್ ಜಾರಲಿಲ್ಲ. ಅಂಚಿಗೆ ಒತ್ತಿಕೊಂಡು ನಿಂತಿತು. ನಿಧಾನವಾಗಿ ಆಕ್ಸಿಲರೇಟರ್ ಒತ್ತುತ್ತಾ ಹೋದೆ. ಎಂಜಿನ್ ಸದ್ದು ಏರಿತು, ಎಣ್ಣೆ ಬಲ ಕೂಡಿಸಿಕೊಂಡಿತು, ಚಕ್ರ ಅಂಚನ್ನು ಹತ್ತಿತು. ಆದರೆ ಹತ್ತಿದ ಮರುಕ್ಷಣ ಕೂಡಿಸಿಟ್ಟ ಬಲವೆಲ್ಲ ಒಟ್ಟಿಗೆ ಬಂದು ಕಾರು ಮುಂದೆ ನುಗ್ಗಿತು. ಬ್ರೇಕ್ ಒತ್ತಲೇಬೇಕಾಯಿತು. ಹೈಬ್ರಿಡ್‌ನಲ್ಲಿ ಆಕ್ಸಿಲರೇಟರ್ ಅದೇ ಥರ ಒತ್ತಿದೆ. ಸದ್ದೇ ಇಲ್ಲ. ಟೈರಿನ ರಬ್ಬರ್ ಅಂಚಿನ ಮೇಲೆ ಅಮುಕಿಕೊಂಡಿದ್ದು ಸೀಟಿನಲ್ಲಿ ಗೊತ್ತಾಯಿತು. ಚಕ್ರ ಮೇಲೆ ಬಂತು, ಕಾಲು ಸಡಿಲ ಬಿಟ್ಟೆ, ಅಲ್ಲೇ ನಿಂತಿತು. ನುಗ್ಗಲಿಲ್ಲ. ಇದನ್ನು ಐದು ಸಲ ಮಾಡಿ ನೋಡಿದೆ. ಮೂರನೇ ಸಲ ಅರ್ಧದಲ್ಲಿ ಎಂಜಿನ್ ಸ್ಟಾರ್ಟ್ ಆಯಿತು, ಆ ಸದ್ದಿಗೆ ಬೆಚ್ಚಿದೆ. ಕಾರು ಮಾತ್ರ ಬೆಚ್ಚಲಿಲ್ಲ.

ಅದೇ ರ‍್ಯಾಂಪಿನಲ್ಲಿ ಹಿಂದಕ್ಕೆ ಹತ್ತಿಸಿದಾಗ ಲೆಕ್ಕ ತಿರುವುಮುರುವಾಯಿತು. ನಾನು ಓಡಿಸಿದ ಜಾತಿಯ ಹೈಬ್ರಿಡ್‌ಗೆ ರಿವರ್ಸ್ ಗೇರ್ ಅಂತ ಬೇರೆ ಇಲ್ಲ. ಮೋಟಾರ್ ಉಲ್ಟಾ ತಿರುಗುತ್ತದೆ ಅಷ್ಟೇ. ಎಂಜಿನ್ ಚಕ್ರಕ್ಕೆ ಕೊಡುವ ಬಲ ಯಾವಾಗಲೂ ಮುಂದಕ್ಕೆ, ಹಾಗಾಗಿ ಹಿಂದೆ ಹೋಗುವಾಗ ಅದರ ಸಹಾಯ ಸಿಗುವುದಿಲ್ಲ. ಬ್ಯಾಟರಿ ಇಳಿದು ಎಂಜಿನ್ ಚಾರ್ಜ್ ಮಾಡಲು ಶುರುಮಾಡಿದರೆ ಮೋಟಾರ್ ಅದರ ವಿರುದ್ಧವೂ ಎಳೆಯಬೇಕು. ಒಬ್ಬನೇ ಇದ್ದಾಗ ಏನೂ ತೊಂದರೆ ಆಗಲಿಲ್ಲ. ಐದು ಜನ ಕೂತು, ಡಿಕ್ಕಿಯಲ್ಲಿ ಲಗೇಜ್ ತುಂಬಿ, ಹಿಂದಕ್ಕೆ ಹತ್ತಿಸಿದಾಗ ಕಾರು ಹೋಯಿತು, ಆದರೆ ಏದುಸಿರು ಬಿಡುವ ಹಾಗಿತ್ತು. ಟಾರ್ಕ್ ಕನ್ವರ್ಟರ್‌ಗೆ ಅದು ಲೆಕ್ಕಕ್ಕೇ ಬರಲಿಲ್ಲ. ಭಾರ ಹಾಕಿಕೊಂಡು ಕಡಿದಾದ ಜಾಗದಲ್ಲಿ ದಿನವೂ ರಿವರ್ಸ್ ಹತ್ತಿಸುವವರಿಗೆ ನಾನು ಹೈಬ್ರಿಡ್ ಅನ್ನುವುದಿಲ್ಲ. ಏರಿನಲ್ಲಿ ಬ್ರೇಕ್ ಬಿಟ್ಟು ಆಕ್ಸಿಲರೇಟರ್‌ನಿಂದಲೇ ಕಾರು ನಿಲ್ಲಿಸಿಕೊಳ್ಳುವ ಅಭ್ಯಾಸ ಇದ್ದರೆ ಯಾವ ಕಾರಾದರೂ ಸರಿ, ಬಿಟ್ಟುಬಿಡಿ. ಒಂದರಲ್ಲಿ ಎಣ್ಣೆ ಬಿಸಿಯಾಗುತ್ತದೆ, ಒಂದರಲ್ಲಿ ಕ್ಲಚ್, ಇನ್ನೊಂದರಲ್ಲಿ ಮೋಟಾರ್.

ಬ್ರೇಕಿನಲ್ಲೂ ಹಳೇ ಆಟೋಮ್ಯಾಟಿಕ್ಕೇ ಒಂದು ಕೈ ಮೇಲು. ಹೈಬ್ರಿಡ್‌ನಲ್ಲಿ ಬ್ರೇಕ್ ಮೆಲ್ಲಗೆ ಒತ್ತಿದರೆ ಮೊದಲು ಕಾರನ್ನು ತಡೆಯುವುದು ಮೋಟಾರ್. ಅದೇ ಜನರೇಟರ್ ಆಗಿ ಬ್ಯಾಟರಿಗೆ ಕರೆಂಟ್ ತುಂಬುತ್ತದೆ. ವೇಗ ತೀರಾ ಕಡಿಮೆಯಾದಾಗ ಕೆಲಸ ಡಿಸ್ಕ್ ಬ್ರೇಕಿಗೆ ಹೋಗುತ್ತದೆ. ಕೈ ಬದಲಾಗುವ ಆ ಹೊತ್ತು ನನ್ನ ಕಾಲಿಗೆ ಗೊತ್ತಾಗುತ್ತಿತ್ತು. ನಿಲ್ಲಲು ಇನ್ನೊಂದು ಮೀಟರ್ ಇದೆ ಅನ್ನುವಾಗ ಬ್ರೇಕ್ ಸ್ವಲ್ಪ ಜಾಸ್ತಿ ಕಚ್ಚುತ್ತಿತ್ತು. ಮೊದಲ ಎರಡು ದಿನ ಅಪ್ಪನ ತಲೆ ಪ್ರತಿ ಸಿಗ್ನಲ್‌ನಲ್ಲೂ ಒಮ್ಮೆ ಮುಂದೆ ಬಾಗಿತು. ನಾಲ್ಕನೇ ದಿನಕ್ಕೆ ನನ್ನ ಕಾಲು ಕಲಿಯಿತು, ಕೊನೆಯಲ್ಲಿ ಪೆಡಲ್ ಒಂದು ಚೂರು ಸಡಿಲಿಸಿದರೆ ಸಾಕು. ಆದರೂ ಕಲಿಯಬೇಕಾಯಿತು. ಟಾರ್ಕ್ ಕನ್ವರ್ಟರ್ ಕಾರಿನಲ್ಲಿ ಕಲಿಯುವುದು ಏನೂ ಇರಲಿಲ್ಲ.

ಸದ್ದಿಲ್ಲದಿರುವುದನ್ನು ಎಲ್ಲರೂ ಹೊಗಳುತ್ತಾರೆ. ಒಳಗೆ ಕೂತವರಿಗೆ ಹಿತವೇ, ಆದರೆ ಹೊರಗೆ ನಡೆಯುವವರನ್ನು ನೆನೆದರೆ ನನಗೆ ಅಳುಕು. ಬೇಸ್‌ಮೆಂಟಿನಲ್ಲಿ ಫೋನ್ ನೋಡುತ್ತಾ ಹೋಗುತ್ತಿದ್ದ ಹುಡುಗನೊಬ್ಬ ಕಾರು ಮೂರು ಅಡಿ ಹತ್ತಿರ ಬರುವವರೆಗೂ ತಿರುಗಲೇ ಇಲ್ಲ. ವಿಶ್ವಸಂಸ್ಥೆಯ 138ನೇ ನಿಯಮದ ಪ್ರಕಾರ ಇಂಥ ಕಾರುಗಳು ಗಂಟೆಗೆ 20 ಕಿಲೋಮೀಟರ್‌ವರೆಗೆ ಎಚ್ಚರಿಕೆಯ ಸದ್ದು ಮಾಡಬೇಕು. ಯುರೋಪಿನಲ್ಲಿ 2021ರ ಜುಲೈಯಿಂದ ಎಲ್ಲ ಹೊಸ ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಿಗೂ ಇದು ಕಡ್ಡಾಯ. ಕಾರು ತಗೊಳ್ಳುವ ಮೊದಲು ಹೊರಗೆ ನಿಂತು, ಬೇರೆಯವರಿಂದ ಓಡಿಸಿ, ಆ ಸದ್ದು ಕೇಳಿಸುತ್ತಾ ನೋಡಿ.

ಮೈಲ್ಡ್ ಹೈಬ್ರಿಡ್ ಅನ್ನು ಇದರ ಜೊತೆ ಸೇರಿಸಬೇಡಿ. ಹೆಸರು ಒಂದೇ ಇರಬಹುದು. ಅಲ್ಲಿರುವ ಸಣ್ಣ ಮೋಟಾರ್ ಎಂಜಿನ್‌ಗೆ ಕೈ ಜೋಡಿಸುತ್ತದೆಯೇ ಹೊರತು ಸಾಮಾನ್ಯವಾಗಿ ಒಂಟಿಯಾಗಿ ಕಾರನ್ನು ಎಳೆಯುವುದಿಲ್ಲ. ಜಾಮ್‌ನಲ್ಲಿ ಅದು ಮಾಮೂಲಿ ಕಾರೇ.

ಕೊನೆಗೆ ಅಪ್ಪನೇ ಓಡಿಸಿ ಹೈಬ್ರಿಡ್ ಸಾಕು ಅಂದರು. ಅಡಿ ಅಡಿ ಹೋಗುವಾಗ ಕಾಲು ಹಗುರ ಅನ್ನಿಸಿತಂತೆ. ಇನ್ನು ಮೇಲೆ ಬೇಸ್‌ಮೆಂಟಿನಲ್ಲಿ ಮೂತಿ ರ‍್ಯಾಂಪ್ ಕಡೆ ಇರುವ ಹಾಗೆ ನಿಲ್ಲಿಸುವುದು ಅಂತ ಇಬ್ಬರೂ ಮಾತಾಡಿಕೊಂಡೆವು, ಭಾರ ಇದ್ದಾಗ ಹಿಂದಕ್ಕೆ ಹತ್ತಿಸುವ ಗೊಡವೆಯೇ ಬೇಡ. ಆದರೆ ಅವತ್ತು ಒಂದು ತಪ್ಪಾಯಿತು. ಕಾರು ನಿಂತಿತ್ತು, ಎಂಜಿನ್ ಸದ್ದಿರಲಿಲ್ಲ. ಆಫ್ ಆಗಿದೆ ಅಂದುಕೊಂಡು ಅಪ್ಪ ಸೀಟ್ ಬೆಲ್ಟ್ ಬಿಚ್ಚಿ ಬಾಗಿಲು ತೆಗೆದರು. ಬ್ರೇಕಿನಿಂದ ಕಾಲು ಎತ್ತಿದ ತಕ್ಷಣ ಕಾರು ಮೆಲ್ಲಗೆ ಮುಂದೆ ಹೊರಟಿತು. ‘ಡಿ’ ಹಾಗೇ ಇತ್ತು, ಕಾರು ಇನ್ನೂ ಆನ್ ಇದೆ ಅಂತ ತೋರಿಸುವ ‘ರೆಡಿ’ ದೀಪವೂ ಉರಿಯುತ್ತಿತ್ತು. ಬೀಪ್ ಬೀಪ್ ಅಂತ ಕೂಗಿಕೊಂಡಿತು, ಅಪ್ಪ ಮತ್ತೆ ಬ್ರೇಕ್ ಒತ್ತಿದರು, ಏನೂ ಆಗಲಿಲ್ಲ. ಮನೆಗೆ ಬಂದು ಒಂದು ಚೀಟಿಯಲ್ಲಿ ದಪ್ಪ ಅಕ್ಷರದಲ್ಲಿ ‘ಮೊದಲು ಪಿ, ಆಮೇಲೆ ರೆಡಿ ದೀಪ, ಆಮೇಲೆ ಬಾಗಿಲು’ ಅಂತ ಬರೆದರು. ಹೊಸ ಕಾರು ಬಂದ ದಿನ ಸ್ಟೀರಿಂಗ್ ಹಿಂದೆ ಅಂಟಿಸಲು ಟೇಪನ್ನೂ ತೆಗೆದಿಟ್ಟಿದ್ದಾರೆ.