ಶಾಸನ ಟಿಪ್ಪಣಿಗಳಿಗೆ ಆಬ್ಸಿಡಿಯನ್: ದೀರ್ಘಕಾಲದ ಬಳಕೆಯ ವಿಮರ್ಶೆ

ಟಿಪ್ಪಣಿ ಬರೆದಿಡುವ ತಂತ್ರಾಂಶವಾದ ಆಬ್ಸಿಡಿಯನ್‌ನಲ್ಲಿ ಪ್ರತಿ ಕಾರ್ಡೂ (ಅಂದರೆ ಪ್ರತಿ ಟಿಪ್ಪಣಿಯೂ) ನಿಮ್ಮದೇ ಫೋಲ್ಡರಿನಲ್ಲಿರುವ ಸಾದಾ ಪಠ್ಯ ಕಡತ. ಕನ್ನಡ ಸಂಶೋಧಕರು ಇದನ್ನು ಆರಿಸಿಕೊಳ್ಳಲು ಇದೊಂದೇ ಕಾರಣ ಸಾಕು. ತಂತ್ರಾಂಶ ನಾಳೆ ನಿಂತುಹೋದರೂ ಟಿಪ್ಪಣಿ ನೋಟ್‌ಪ್ಯಾಡಿನಲ್ಲಿ ತೆರೆಯುತ್ತದೆ. ನುಡಿ, ಬರಹಗಳ ಹಳೆಯ ಆಸ್ಕಿ ಫಾಂಟುಗಳಲ್ಲಿ ಟೈಪಿಸಿಟ್ಟದ್ದನ್ನು ಮಾತ್ರ ಮೊದಲು ಯೂನಿಕೋಡಿಗೆ ಪರಿವರ್ತಿಸಿ; ಹಾಗೆಯೇ ಅಂಟಿಸಿದರೆ ಹುಡುಕಿದಾಗ ಸಿಗುವುದಿಲ್ಲ.

ಒಂದು ಶಾಸನಕ್ಕೆ ಒಂದು ಕಾರ್ಡು; ಅದರ ಬಗೆಗಿನ ನಿಮ್ಮ ವಾದಕ್ಕೆ ಬೇರೆ ಕಾರ್ಡು. ತಾಳಗುಂದದ ಸ್ತಂಭಶಾಸನಕ್ಕೆ, ಶಾಸನಸಂಪುಟಗಳ ಮಾಲೆಯಾದ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿರುವ ತಾಲ್ಲೂಕು ಮತ್ತು ಸಂಖ್ಯೆಯಂತೆ, ‘ಶಿಕಾರಿಪುರ 176’ ಎಂದು ಹೆಸರಿಟ್ಟು, ಊರಿನ ಹೆಸರನ್ನು ಕಾರ್ಡಿನ ತಲೆಯಲ್ಲಿರುವ ಪ್ರಾಪರ್ಟಿಸ್‌ನಲ್ಲಿ ಏಲಿಯಾಸ್ (ಪರ್ಯಾಯ ಹೆಸರು) ಆಗಿ ಕೊಡಿ. ಅದೇ ಮಾಲೆಯ ಶ್ರವಣಬೆಳಗೊಳದ ಸಂಪುಟಕ್ಕಂತೂ ಏಲಿಯಾಸ್ ಬೇಕೇ ಬೇಕು. 1889, 1923, 1973ರ ಆವೃತ್ತಿಗಳಲ್ಲಿ ಶಾಸನಸಂಖ್ಯೆಗಳು ಬದಲಾಗಿವೆ. ಮೂರನ್ನೂ ಆವೃತ್ತಿಯ ವರ್ಷದ ಸಮೇತ ದಾಖಲಿಸಿದರೆ ಯಾವ ಪುಸ್ತಕದ ಅಡಿಟಿಪ್ಪಣಿ ಹಿಡಿದು ಹೊರಟರೂ ಅದೇ ಕಾರ್ಡಿಗೆ ತಲುಪುತ್ತೀರಿ. ಇಷ್ಟು ಸಲೀಸಾಗಿ ಈ ಗೊಂದಲ ಬಿಡಿಸುವ ಇನ್ನೊಂದು ದಾರಿ ನನಗೆ ಕಂಡಿಲ್ಲ.

ಕೊಂಡಿ ಹಾಕುವಾಗ ವಿಭಕ್ತಿಯನ್ನು ಆವರಣದ ಹೊರಗಿಡಿ: [[ಬನವಾಸಿ]]ಯಲ್ಲಿ. ‘ಕದಂಬರ’ ಎಂಬಲ್ಲಿ ಪದದ ಕೊನೆಯೇ ಬದಲಾಗುವುದರಿಂದ [[ಕದಂಬರು|ಕದಂಬರ]] ಎಂದೇ ಬರೆಯಬೇಕು; ಗೆರೆಯ ಎಡಕ್ಕೆ ಕಾರ್ಡಿನ ಹೆಸರು, ಬಲಕ್ಕೆ ಕಾಣುವ ಪದ.

ಶೀರ್ಷಿಕೆ ಚಿಕ್ಕದಾಗಿರಲಿ. ಲಿನಕ್ಸ್, ಆಂಡ್ರಾಯ್ಡ್‌ಗಳಲ್ಲಿ ಕಡತದ ಹೆಸರಿಗೆ ಸಾಮಾನ್ಯ ಮಿತಿ 255 ಬೈಟ್. ಕನ್ನಡದ ಪ್ರತಿ ಸಂಕೇತವೂ 3 ಬೈಟ್ ತಿನ್ನುತ್ತದೆ. ಆರು ಸಂಕೇತಗಳ ‘ಸ್ತ್ರೀ’ ಒಂದಕ್ಕೇ 18. ವಿಂಡೋಸ್ ಬೈಟ್ ಲೆಕ್ಕ ಹಿಡಿಯುವುದಿಲ್ಲ. ಹಾಗಾಗಿ ಅಲ್ಲಿ ಉಳಿಸಿದ ಉದ್ದ ಹೆಸರಿನ ಕಾರ್ಡು ಫೋನಿಗೆ ನಕಲಾಗದೆ ಹೋಗಬಹುದು.

ಹುಡುಕಾಟದಲ್ಲಿ ಹೆಚ್ಚು ಕಾಡುವುದು ಅರ್ಕಾವತ್ತು. ‘ಸೂರ್ಯ’ ಮತ್ತು ‘ಸೂರ‍್ಯ’ ಓದಲು ಒಂದೇ ಆದರೂ ಎರಡನೆಯದರಲ್ಲಿ ಕಣ್ಣಿಗೆ ಕಾಣದ ಜೋಡಕ ಸಂಕೇತವೊಂದಿದೆ. ಒಂದನ್ನು ಹುಡುಕಿದರೆ ಇನ್ನೊಂದು ಸಿಗದು. ಯಾವುದಾದರೂ ಒಂದೇ ರೂಪಕ್ಕೆ ಅಂಟಿಕೊಳ್ಳಿ. ಈಗಾಗಲೇ ಬೆರೆತಿದ್ದರೆ ಪಠ್ಯ ತಿದ್ದುವ ತಂತ್ರಾಂಶ ವಿಎಸ್ ಕೋಡ್‌ನಲ್ಲಿ ಫೋಲ್ಡರ್ ತೆರೆದು ಒಟ್ಟಿಗೇ ಬದಲಿಸಬಹುದು. ಆದರೆ ಅಕ್ಷರಗಳನ್ನು ಬಿಡಿಸಿ ತೋರಿಸುವ, ಕಣ್ಣಿಗೆ ಕಾಣದ ಇನ್ನೊಂದು ಸಂಕೇತವನ್ನು ಅಳಿಸಬೇಡಿ, ‘ಸಾಫ್ಟ್‌ವೇರ್’ ಹೋಗಿ ‘ಸಾಫ್ಟ್ವೇರ್’ ಆಗುತ್ತದೆ.

ಅಧ್ಯಾಯದ ಕ್ರಮ ಹೊಂದಿಸಲು ಕ್ಯಾನ್ವಾಸ್ (ಕಾರ್ಡುಗಳನ್ನು ಹರಡಿ ಜೋಡಿಸುವ ಹಲಗೆ) ಚೆನ್ನಾಗಿದೆ. ಅಲ್ಲೇ ಟೈಪಿಸಿದ ಚೀಟಿ ಮಾತ್ರ ಸ್ವತಂತ್ರ ಕಡತವಲ್ಲ. ಕಡತವಾಗಿ ಪರಿವರ್ತಿಸುವವರೆಗೂ ಅದಕ್ಕೆ ಬೇರೆ ಕಾರ್ಡುಗಳಿಂದ ಕೊಂಡಿ ಕೊಡಲಾಗದು. ಫೋನಿನ ಸಣ್ಣ ಪರದೆಯಲ್ಲಿ ಕ್ಯಾನ್ವಾಸ್ ಬಳಸುವುದು ಕಷ್ಟ.

ತಂತ್ರಾಂಶ ಉಚಿತ, ಸಾಧನಗಳ ನಡುವೆ ಕಡತಗಳನ್ನು ಹೊಂದಿಸುವ ಅದರ ಸಿಂಕ್ ಸೇವೆಗೆ ಶುಲ್ಕವಿದೆ. ಒಂದೇ ಫೋಲ್ಡರಿಗೆ ಎರಡು ಸಿಂಕ್ ವ್ಯವಸ್ಥೆ ಜೋಡಿಸಿದರೆ ಕಾರ್ಡುಗಳ ಜೋಡಿಪ್ರತಿ ಹುಟ್ಟುತ್ತವೆ. ಫೈಲ್ ರಿಕವರಿ ತಾನಾಗಿ ಉಳಿಸುವ ಹಳೆಯ ಪ್ರತಿಗಳು, ಸೆಟ್ಟಿಂಗ್ ಬದಲಿಸದಿದ್ದರೆ, 7 ದಿನವಷ್ಟೇ ಇರುತ್ತವೆ, ಅದೂ ಆಯಾ ಸಾಧನದಲ್ಲಿ. ಇಡೀ ಫೋಲ್ಡರನ್ನು ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ನಕಲಿಸಿಕೊಳ್ಳಿ.