ಕಳಸದಲ್ಲಿ ಟೆಂಟ್ ಹಾಕಿದರೆ ಹಗಲು ಯಾವ ದಾರಿ: ಕುದುರೆಮುಖವೋ, ಮುಳ್ಳಯ್ಯನಗಿರಿಯೋ, ಚಾರ್ಮಾಡಿಯೋ?

ಮೇ ತಿಂಗಳಲ್ಲಿ ಮಲೆನಾಡಿನಲ್ಲಿ ಟೆಂಟ್ ಹಾಕಿದವರಿಗೆ ಇದು ಗೊತ್ತಿರುತ್ತದೆ. ರಾತ್ರಿ ಹೊದೆಯಲು ಬೇಕು, ಬೆಳಿಗ್ಗೆ ಏಳಲು ಮನಸ್ಸಾಗುವುದಿಲ್ಲ, ಹನ್ನೊಂದು ಗಂಟೆ ದಾಟಿತೋ ಟೆಂಟ್ ಒಳಗೆ ಕೂರಲು ಆಗುವುದಿಲ್ಲ. ಹೊಳೆಯಲ್ಲಿ ಕಾಲು ಇಳಿಬಿಟ್ಟು ಕೂರಬಹುದು, ಆದರೆ ಸಂಜೆ ತನಕ ಅದನ್ನೇ ಮಾಡೋಕಾಗುತ್ತಾ? ಹಾಗಾಗಿ ಕಳಸದ ಹತ್ತಿರದ ಕಾಫಿ ತೋಟದಲ್ಲಿ ಬೀಡು ಬಿಟ್ಟಾಗಲೆಲ್ಲ ನಾನೂ ನನ್ನ ಹೆಂಡತಿಯೂ ಹಗಲು ಹೊತ್ತು ಕಾರಿನಲ್ಲಿ ಸುತ್ತಾಡಿ ಬರುತ್ತೇವೆ.

ಇಲ್ಲಿಂದ ಹೊರಡಲು ಮುಖ್ಯವಾಗಿ ಮೂರು ದಾರಿ. ಮೂರೂ ಓಡಿಸಿ ನೋಡಿದ್ದೇವೆ. ನೋಟ ಎಲ್ಲಿ ಚೆನ್ನಾಗಿದೆ ಎಂದು ಕೇಳಿದರೆ ಮೂರೂ ಕಡೆ ಚೆನ್ನಾಗಿದೆ. ನನ್ನ ಲೆಕ್ಕ ಬೇರೆ. ಇಬ್ಬರೇ ಹೋಗುವಾಗ ಸ್ಟಿಯರಿಂಗ್ ಹಿಡಿದವರಿಗೂ ಏನಾದರೂ ಕಾಣಬೇಕು. ಒಬ್ಬರು "ಅಯ್ಯೋ ಅಲ್ಲಿ ನೋಡು" ಅನ್ನುವುದು, ಇನ್ನೊಬ್ಬರು ಎದುರಿನ ಜೀಪಿನ ಬಂಪರ್ ನೋಡುತ್ತಾ "ಹೂಂ" ಅನ್ನುವುದು, ಇದು ಒಂದು ಪ್ರವಾಸವೇ ಅಲ್ಲ. ನಮ್ಮಲ್ಲಿ ಇನ್ನೊಂದು ತೊಡಕೂ ಇದೆ. ಪಕ್ಕದ ಸೀಟಿನಲ್ಲಿ ಕೂತರೆ ನನ್ನ ಹೆಂಡತಿಗೆ ಘಾಟಿ ತಿರುವುಗಳಲ್ಲಿ ಹೊಟ್ಟೆ ತೊಳಸುತ್ತದೆ, ಓಡಿಸಿದರೆ ಏನೂ ಆಗುವುದಿಲ್ಲ. ಆದ್ದರಿಂದ ತಿರುವು ಜಾಸ್ತಿ ಇರುವ ಕಡೆ ಅವಳೇ ಚಾಲಕಿ.

ಮೊದಲು ಮುಳ್ಳಯ್ಯನಗಿರಿ, ಯಾಕೆಂದರೆ ಎಲ್ಲರೂ ಅದನ್ನೇ ಹೇಳುತ್ತಾರೆ. 1,930 ಮೀಟರ್, ಕರ್ನಾಟಕದ ಅತಿ ಎತ್ತರದ ಶಿಖರ. ಕಳಸದಿಂದ ಬಾಳೆಹೊನ್ನೂರು, ಆಲ್ದೂರು ಮೇಲೆ ಚಿಕ್ಕಮಗಳೂರಿಗೆ ಬಂದು, ಅಲ್ಲಿಂದ ಕೈಮರದ ಚೆಕ್‌ಪೋಸ್ಟ್ ದಾಟಿ ಬೆಟ್ಟ ಹತ್ತಬೇಕು. ನಿಜ ಹೇಳಬೇಕೆಂದರೆ ನನಗೆ ಇಷ್ಟವಾದದ್ದು ಬೆಟ್ಟಕ್ಕಿಂತ ಆಲ್ದೂರಿನ ದಾರಿಯೇ. ಎರಡೂ ಕಡೆ ಕಾಫಿ ತೋಟ, ಸಿಲ್ವರ್ ಓಕ್ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಮಧ್ಯೆ ನೆರಳು ಬಿಸಿಲು ಬಿದ್ದ ರಸ್ತೆ. ಕಾಫಿ ಗಿಡ ಹೂ ಬಿಡುವಂತೆ ಮಾಡುವ ಹೂಮಳೆ ಬಿದ್ದ ಮೇಲೆ ಹೋದರೆ ಕಾಫಿ ಹೂವಿನ ಪರಿಮಳವೂ ಸಿಗುತ್ತದೆ, ಮೇ ಹೊತ್ತಿಗೆ ಆ ಹೂವೆಲ್ಲ ಉದುರಿ ಮಿಡಿಯಾಗಿರುತ್ತದೆ.

ಬೆಟ್ಟದ ಮೇಲಿನ ಕಥೆ ಬೇರೆ. ರಸ್ತೆ ಕಿರಿದು, ಒಂದು ಕಡೆ ಗೋಡೆ, ಇನ್ನೊಂದು ಕಡೆ ಪ್ರಪಾತ. ಎದುರಿಗೆ ಜೀಪು ಬಂದರೆ ಯಾರಾದರೂ ಒಬ್ಬರು ಹಿಂದೆ ಸರಿಯಲೇಬೇಕು. ರಜೆಯ ಜನ ಎಲ್ಲ ಒಟ್ಟಿಗೆ ಬಂದಿರುತ್ತಾರೆ. ಈಗ ವಾಹನಗಳಿಗೆ ಆನ್‌ಲೈನ್‌ನಲ್ಲಿ ಮೊದಲೇ ನೋಂದಣಿ ಮಾಡಿಸಬೇಕು, ಬೆಳಿಗ್ಗೆ ಮಧ್ಯಾಹ್ನ ಎಂದು ಪಾಳಿ ಬೇರೆ. ಕಳಸದಿಂದ ಹೊರಟು ಬೆಳಗಿನ ಪಾಳಿಗೆ ಸರಿಯಾಗಿ ತಲುಪಬೇಕಾದರೆ ಕ್ಯಾಂಪಿನ ಕಾಫಿಯನ್ನೇ ಬಿಡಬೇಕು. ಸೀತಾಳಯ್ಯನಗಿರಿ ಹತ್ತಿರ ಬರುವಷ್ಟರಲ್ಲಿ ನನ್ನ ಹೆಂಡತಿ ಕಂಡದ್ದು ಕ್ಲಚ್, ಬ್ರೇಕ್, ಬಂಪರ್ ಅಷ್ಟೇ. ಮೇಲೆ ಹತ್ತಿ ನಿಂತಾಗ ಚಂದ್ರದ್ರೋಣ ಪರ್ವತದ ಲಾಳದಂಥ ಬಾಗು ಕಾಣುತ್ತದೆ, ಅದು ಖಂಡಿತ ದೊಡ್ಡ ನೋಟ. ಬಾಬಾಬುಡನ್‌ಗಿರಿಯೂ ಇದೇ ಸಾಲಿನಲ್ಲಿದೆ. ಯೆಮೆನ್‌ನಿಂದ ಬಾಬಾ ಬುಡನ್ ಏಳು ಕಾಫಿ ಬೀಜ ತಂದು ಬಿತ್ತಿದರು ಅನ್ನುವ ಕಥೆ ಇಲ್ಲಿಯದ್ದೇ. ಆದರೆ ನೋಟ ಇರುವುದು ಕಾರು ನಿಲ್ಲಿಸಿ ಇಳಿದ ಮೇಲೆ. ಡ್ರೈವ್ ಎಂದು ಲೆಕ್ಕ ಹಾಕಿದರೆ ನಾನು ಇದಕ್ಕೆ ಕಡೆಯ ಸ್ಥಾನ ಕೊಡುತ್ತೇನೆ. ಅದರಲ್ಲೂ ಕಳಸದಿಂದ ಹೋಗಿ ಬರುವುದು ದೂರ.

ಚಾರ್ಮಾಡಿಗೆ ಒಂದೇ ಒಂದು ದೊಡ್ಡ ಗುಣ: ಕೊಟ್ಟಿಗೆಹಾರದ ನೀರುದೋಸೆ. ತಮಾಷೆ ಅಲ್ಲ. ಬಾಳೂರು, ಜಾವಳಿ ಕಡೆಯಿಂದ ಕೊಟ್ಟಿಗೆಹಾರಕ್ಕೆ ಬರುವ ದಾರಿ ಹಿತವಾಗಿದೆ. ಜಾವಳಿ ಎಂದರೆ ಹೇಮಾವತಿ ಹುಟ್ಟುವ ಊರು. ಅಲ್ಲಿ ಇಳಿದು ಸ್ವಲ್ಪ ಕಾಲಾಡಿಸಬಹುದು. ಕೊಟ್ಟಿಗೆಹಾರದಲ್ಲಿ ತಿಂದು ಘಾಟಿ ಇಳಿಯಲು ಶುರುಮಾಡಿದರೆ ಮೊದಲ ಅರ್ಧ ಬಹಳ ಚೆಂದ. ಸೋಮನಕಾಡು ಕಣಿವೆಯ ಕಡೆ ಬಂಡೆ, ಹುಲ್ಲು, ಕಾಡು ಮೂರೂ ಒಟ್ಟಿಗೆ ಕಾಣುತ್ತವೆ. ಗಾಡಿ ನಿಲ್ಲಿಸಲು ಅಲ್ಲಲ್ಲಿ ಜಾಗವೂ ಇದೆ. ಮಂಗಗಳಿವೆ, ಕಿಟಕಿ ಏರಿಸಿಕೊಂಡೇ ತಿನ್ನಿ.

ಆದರೆ ಇದು ಮಂಗಳೂರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 73. ಧರ್ಮಸ್ಥಳದ ಬಸ್ಸುಗಳು, ಕಾರುಗಳು, ಮೀನಿನ ಗಾಡಿಗಳು, ಎಲ್ಲಕ್ಕೂ ಅವಸರ. 2019ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ತಿಂಗಳುಗಟ್ಟಲೆ ಸಂಚಾರಕ್ಕೆ ತೊಂದರೆಯಾಗಿದ್ದ ರಸ್ತೆ ಇದು. ಆಗ ಕುಸಿದ ಜಾಗಗಳ ಗುರುತು ನೋಡುತ್ತಾ ಓಡಿಸುವಾಗ ಕೈ ತಾನಾಗೇ ಬಿಗಿಯಾಗುತ್ತದೆ. ಮಳೆಗಾಲದಲ್ಲಿ ಈ ಘಾಟಿಯ ಮೈತುಂಬ ಜಲಪಾತ ಎನ್ನುತ್ತಾರಲ್ಲ, ಬೇಸಿಗೆಯಲ್ಲಿ ಅವು ಇರುವುದಿಲ್ಲ. ಒದ್ದೆ ಬಂಡೆ ಕಂಡರೆ ಅದೇ ಹೆಚ್ಚು. ಪೂರ್ತಿ ಕೆಳಗಿಳಿದರಂತೂ ಬೆಳ್ತಂಗಡಿ ಕಡೆಯ ಸೆಕೆ ಮುಖಕ್ಕೇ ಹೊಡೆಯುತ್ತದೆ. ಅದಕ್ಕೆ ನಾವು ಅರ್ಧದಲ್ಲೇ ತಿರುಗಿಸಿ ಬರುತ್ತೇವೆ. ಹೊಟ್ಟೆಪ್ರಿಯರಿಗೆ, ಅರ್ಧ ದಿನ ಮಾತ್ರ ಇರುವವರಿಗೆ ಚಾರ್ಮಾಡಿ ಸಾಕು.

ಇನ್ನು ಕುದುರೆಮುಖ. ಇದನ್ನು ಹೋಗಿ ಬರುವ ದಾರಿಯಾಗಿ ಮಾಡಬೇಡಿ, ಸುತ್ತು ಹಾಕಿ. ಕಳಸ, ಸಂಸೆ, ಕುದುರೆಮುಖ, ಎಸ್.ಕೆ. ಬಾರ್ಡರ್ (ಹಳೆಯ ಸೌತ್ ಕೆನರಾ ಜಿಲ್ಲೆಯ ಗಡಿ), ಅಲ್ಲಿಂದ ಕೆರೆಕಟ್ಟೆ ಮೇಲೆ ಶೃಂಗೇರಿ, ಆಮೇಲೆ ಜಯಪುರ, ಬಸರೀಕಟ್ಟೆ ಮೇಲೆ ಮತ್ತೆ ಕಳಸ. ಬಂದ ದಾರಿಯನ್ನೇ ಮತ್ತೆ ನೋಡುವ ಬೇಸರ ಇಲ್ಲ.

ಸಂಸೆಯ ಚಹಾ ತೋಟ ಮುಗಿದ ಮೇಲೆ ಅರಣ್ಯ ಇಲಾಖೆಯ ಚೆಕ್‌ಪೋಸ್ಟ್. ಅಲ್ಲಿ ಸಮಯ ಬರೆದ ಚೀಟಿ ಕೊಡುತ್ತಾರೆ. ಕೊಟ್ಟ ಹೊತ್ತಿನೊಳಗೆ ಆಚೆ ಬದಿಯ ಗೇಟು ದಾಟಬೇಕು. ಮಧ್ಯೆ ಮನಸ್ಸು ಬಂದಲ್ಲಿ ನಿಲ್ಲಿಸುವ ಹಾಗಿಲ್ಲ. ಇದನ್ನು ಕೇಳಿ ತುಂಬ ಜನ ಮೂಗು ಮುರಿಯುತ್ತಾರೆ. ನಿಲ್ಲಿಸದೆ ಎಂಥ ಸೀನಿಕ್ ಡ್ರೈವ್ ಅಂತ. ನನ್ನ ಅನುಭವ ಉಲ್ಟಾ. ಯಾರೂ ನಿಲ್ಲಿಸುವುದಿಲ್ಲ, ಅದಕ್ಕೇ ರಸ್ತೆ ಬದಿಯಲ್ಲಿ ಬಾಟಲಿ ಇಲ್ಲ, ತಿರುವಿನಲ್ಲಿ ಸೆಲ್ಫಿ ಗುಂಪಿಲ್ಲ. ವಾಹನ ಕಡಿಮೆ. ಏರು ಇಳಿತ ಇದ್ದರೂ ಹೆದರಿಸುವಂಥದ್ದಲ್ಲ. ಓಡಿಸುವವರು ಕಾಡು ನೋಡುತ್ತಾರೆ, ಪಕ್ಕದಲ್ಲಿ ಕೂತವರು ಸುಮ್ನೆ ಕೂರುತ್ತಾರೆ. ಮೊಬೈಲಿಗೆ ನೆಟ್‌ವರ್ಕ್ ಸರಿಯಾಗಿ ಸಿಗುವುದಿಲ್ಲ, ಅದೂ ಲಾಭವೇ. ಎ.ಸಿ. ಆರಿಸಿ ಕಿಟಕಿ ಇಳಿಸಿದರೆ ಜೀರುಂಡೆಗಳ ಸದ್ದು ಎಂಜಿನ್ ಸದ್ದನ್ನೇ ಮುಚ್ಚುತ್ತದೆ.

ಈ ದಾರಿಯ ಇನ್ನೊಂದು ವಿಶೇಷ ಕುದುರೆಮುಖ ಪಟ್ಟಣ. ಕಬ್ಬಿಣದ ಅದಿರಿನ ಕಂಪನಿ 1976ರಲ್ಲಿ ಶುರುವಾದ ಮೇಲೆ ಕಾಡಿನ ನಡುವೆ ಎದ್ದ ಊರು ಇದು. ಅದಿರನ್ನು ಪುಡಿ ಮಾಡಿ, ನೀರಿಗೆ ಬೆರೆಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿನ ಬಂದರಿಗೆ ಇಳಿಸುತ್ತಿದ್ದರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಗಣಿ ನಿಂತಿತು. ಊರಿನ ಬಹುಪಾಲು ಜನ ಹೊರಟುಹೋದರು. ಈಗ ಸಾಲು ಸಾಲು ಖಾಲಿ ಮನೆಗಳ ಅಂಗಳದಲ್ಲಿ ಪೊದೆ ಬೆಳೆದಿದೆ. 1987ರಲ್ಲೇ ರಾಷ್ಟ್ರೀಯ ಉದ್ಯಾನ ಎಂದು ಘೋಷಣೆಯಾದ ಕಾಡಿನಲ್ಲಿ ಆಮೇಲೂ ಅಷ್ಟು ವರ್ಷ ಗಣಿ ನಡೆಯಿತಲ್ಲ, ಆ ಮಾತು ನಮ್ಮ ಕಾರಿನಲ್ಲಿ ಪ್ರತಿ ಸಲ ಬರುತ್ತದೆ, ಪ್ರತಿ ಸಲ ಜಗಳಕ್ಕೇ ತಿರುಗುತ್ತದೆ. ನನ್ನ ಹೆಂಡತಿಯ ಚಿಕ್ಕಪ್ಪ ಅಲ್ಲಿ ಕೆಲಸ ಮಾಡಿದವರು.

ಪಟ್ಟಣ ದಾಟಿದರೆ ಶೋಲಾ ಕಾಡು, ಅಂದರೆ ಗುಡ್ಡಗಳ ಸಂದಿಯಲ್ಲಿ ಬೆಳೆಯುವ ದಟ್ಟ ಕಾಡು, ಮತ್ತು ಹುಲ್ಲುಗಾವಲು. ಏಪ್ರಿಲ್‌ನಲ್ಲಿ ಗುಡ್ಡಗಳೆಲ್ಲ ಕಂದು ಬಣ್ಣ. ಒಂದೆರಡು ಗುಡುಗು ಮಳೆ ಬಿದ್ದ ಮೇಲೆ ಹೋದರೆ ಹಸಿರು ಚಿಗುರಿರುತ್ತದೆ, ಗಾಳಿ ತೊಳೆದು ದೂರದ ಗುಡ್ಡವೂ ಸ್ಪಷ್ಟವಾಗಿ ಕಾಣುತ್ತದೆ. ಹಾಗಾಗಿ ನನ್ನ ಓಟು ಮೇ ಕೊನೆಗೆ. ತುಂಗೆ, ಭದ್ರೆ, ನೇತ್ರಾವತಿ ಹುಟ್ಟುವ ಗಂಗಾಮೂಲ ಈ ದಾರಿಯಲ್ಲೇ ಇದೆ, ಕಾರಿನಿಂದ ನೋಡುವಂಥದ್ದೇನೂ ಇಲ್ಲ. ಕದಂಬಿ ಜಲಪಾತ ರಸ್ತೆ ಬದಿಯಲ್ಲೇ ಇದೆ, ಬೇಸಿಗೆಯಲ್ಲಿ ಸಣ್ಣ ಗೆರೆ ಅಷ್ಟೇ. ಹನುಮನಗುಂಡಿಗೆ ಟಿಕೆಟ್ ತೆಗೆದುಕೊಂಡು ಮೆಟ್ಟಿಲಿಳಿಯಬೇಕು. ಇಳಿಯುವುದು ಸುಲಭ, ಮೇ ಬಿಸಿಲಲ್ಲಿ ಹತ್ತುವಾಗ ನಾವಿಬ್ಬರೂ ಮಾತು ಬಿಟ್ಟಿದ್ದೆವು.

ನನ್ನ ಹೆಂಡತಿ ಮಾತ್ರ ಮುಳ್ಳಯ್ಯನಗಿರಿಯನ್ನು ಪೂರ್ತಿ ಬಿಟ್ಟುಕೊಡುವುದಿಲ್ಲ. ಟೆಂಟನ್ನು ಕಳಸದ ಬದಲು ಚಿಕ್ಕಮಗಳೂರಿನ ಹತ್ತಿರ ಹಾಕಿ, ವಾರದ ನಡುವೆ, ಮೊದಲ ಪಾಳಿಗೇ ಹತ್ತಿದರೆ ಲೆಕ್ಕ ಬದಲಾಗುತ್ತದೆ ಅನ್ನುತ್ತಾಳೆ. ಇರಬಹುದು.

ಕುದುರೆಮುಖದ ಸುತ್ತಿಗೆ ಹೊರಡುವವರು ಕಳಸದಲ್ಲೇ ಪೆಟ್ರೋಲ್ ತುಂಬಿಸಿಕೊಳ್ಳಿ, ಎಂಟು ಗಂಟೆಗೆ ಹೊರಡಿ. ಕಾಡಿನ ಭಾಗದಲ್ಲಿ ಊಟದ ಹೋಟೆಲ್ ನೆಚ್ಚಬೇಡಿ. ಮಧ್ಯಾಹ್ನದ ಹೊತ್ತಿಗೆ ಶೃಂಗೇರಿ ತಲುಪಿದರೆ ಮಠದ ಊಟಕ್ಕೆ ಸಾಲಿನಲ್ಲಿ ನಿಲ್ಲಬಹುದು, ತುಂಗೆಯ ಮೆಟ್ಟಿಲ ಮೇಲೆ ಕೂತು ಮೀನಿಗೆ ಪುರಿ ಹಾಕಬಹುದು. ಮೂರು ಗಂಟೆ ಹೊತ್ತಿಗೆ ಅಲ್ಲಿಂದ ಎದ್ದರೆ ಸಂಜೆಯ ಗುಡುಗು ಮಳೆಗೆ ಮುಂಚೆ ಕ್ಯಾಂಪ್ ಸೇರಿ, ಒಣಗಲು ಹಾಕಿದ ಬಟ್ಟೆ ಎತ್ತಿಕೊಳ್ಳಬಹುದು.